ಎಂಜಿನಿಯರುಗಳು ಶಾಲೆಗೆ ಬರಲಿ



ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಬಂತೆಂದರೆ ಎಂಜಿನಿಯರುಗಳ ಸಂಘಗಳು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಹಿರಿಯರನ್ನು ಸನ್ಮಾನಿಸುತ್ತವೆ. ಒಳ್ಳೆಯದೇ. ಆದರೆ ಈ ಆಚರಣೆ ಸಭಾಂಗಣದಲ್ಲೇ ಮುಗಿಯಬಾರದು; ಶಾಲೆಯ ಮಕ್ಕಳನ್ನೂ ತಲುಪಬೇಕು.

ಅಮೆರಿಕದ ವೃತ್ತಿನಿರತ ಎಂಜಿನಿಯರುಗಳ ರಾಷ್ಟ್ರೀಯ ಸಂಘವು ಗಣಿತ ಶಿಕ್ಷಕರ ಮಂಡಳಿ ಮೊದಲಾದವರ ಜೊತೆಗೂಡಿ 1983ರಲ್ಲಿ 'ಮ್ಯಾಥ್‌ಕೌಂಟ್ಸ್' ಆರಂಭಿಸಿತು. 6ರಿಂದ 8ನೇ ತರಗತಿ ಮಕ್ಕಳ ಆ ಗಣಿತ ಸ್ಪರ್ಧೆ ಇಂದಿಗೂ ನಡೆಯುತ್ತಿದೆ.

ನಾನು ಪಾಠ ಮಾಡುತ್ತಿದ್ದ ಸರ್ಕಾರಿ ಪ್ರೌಢಶಾಲೆಗೆ ಕಟ್ಟಡದ ಕೆಲಸ ನೋಡಲು ಬಂದಿದ್ದ ಎಂಜಿನಿಯರೊಬ್ಬರು, ಹಗ್ಗಕ್ಕೆ 3, 4, 5 ಅಡಿಯ ಅಳತೆಯಲ್ಲಿ ಗಂಟು ಹಾಕಿ, ಅಂಗಳದಲ್ಲಿ ಮೂಲೆಮಟ್ಟ ತೆಗೆದು ತೋರಿಸಿದ್ದರು. ಕರಿಹಲಗೆಯ ಮೇಲೆ ನಾನು ಎಷ್ಟು ಸಲ ಬರೆದರೂ ತಲೆಗೆ ಹತ್ತದ ಪೈಥಾಗೊರಸ್ ಪ್ರಮೇಯ ಅಂದು ಮಕ್ಕಳ ಕೈಗೇ ಸಿಕ್ಕಿತ್ತು.

ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಎಂಜಿನಿಯರುಗಳೇ, ಅಂದು ಹತ್ತಿರದ ಸರ್ಕಾರಿ ಶಾಲೆಗೆ ದಯವಿಟ್ಟು ಬನ್ನಿ.

– ನಿವೃತ್ತ ಗಣಿತ ಶಿಕ್ಷಕಿ, ತಿಪಟೂರು