ಹಾಡಿನ ಹಿಂದಿನ ಕಥೆ ಎಷ್ಟು ಬೇಕು?

ಹಾಡು ಹುಟ್ಟಿದ ಕಥೆ ತಿಳಿದರೆ ಅದರ ರುಚಿ ಹೆಚ್ಚುತ್ತದೆಯೆ, ಕುಗ್ಗುತ್ತದೆಯೆ? ಧಾರವಾಡ ಸೀಮೆಯವರು ಈ ಪ್ರಶ್ನೆ ಎತ್ತಿಕೊಂಡರೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ದಾಟಿ ಹೋಗಲಾರರು. ಬಮ್ಮಿಗಟ್ಟಿಯಂಥ ಹಳ್ಳಿಯ ಸಾಲಿ ಗ್ಯಾದರಿಂಗಿಗೂ ಬೆಂಗಳೂರಿನ ಸುಗಮ ಸಂಗೀತದ ವೇದಿಕೆಗೂ ಒಪ್ಪುವ ಹಾಡು ಅದು. ಪ್ರೇಮಗೀತೆಯೆಂದೇ ನಂಬಿ ನಗುನಗುತ್ತ ಹಾಡುವವರು ಇಂದಿಗೂ ಇದ್ದಾರೆ.

ಅದು ಹುಟ್ಟಿದ್ದು ಮಗುವಿನ ಸಾವಿನಲ್ಲಿ. ಬೇಂದ್ರೆ ದಂಪತಿ ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಕೂಸು ಕಣ್ಣುಮುಚ್ಚಿದ ಹೊತ್ತಿನಲ್ಲಿ ತಾಯಿ ಗಂಡನತ್ತ ನೋಡಿದ ನೋಟ, ಅದನ್ನು ಎದುರಿಸಲಾರದ ತಂದೆ: ಇವಿಷ್ಟೇ ಅದರ ಹಿನ್ನೆಲೆ.

ಇಷ್ಟು ಯಾಕೆ ತಿಳಿಯಬೇಕು, ಕವಿತೆ ತನ್ನ ಕಾಲ ಮೇಲೆ ತಾನು ನಿಲ್ಲಬಾರದೆ ಎನ್ನುವವರ ಮಾತಿನಲ್ಲಿ ತೂಕವಿದೆ. ತನ್ನ ಪಾಡು ತನಗಿರಲಿ, ರಸಿಕನಿಗೆ ಅದರ ಹಾಡಷ್ಟೇ ಸಲ್ಲಲಿ ಎಂಬ ಭಾವವನ್ನು ಬೇಂದ್ರೆಯವರೇ ಕವಿತೆಯೊಂದರಲ್ಲಿ ಹೇಳಿದ್ದಾರೆ. ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದಲ್ಲಿ ಬರೆದ ಅವರು ಸಂಸಾರಿಗೂ ಕವಿಗೂ ನಡುವೆ ಒಂದು ಅಂತರ ಉಳಿಸಿಕೊಂಡಿದ್ದರು. ಕವಿಯ ಮನೆಯೊಳಗೆ ಇಣುಕುವುದು ಓದುಗನ ಹಕ್ಕಲ್ಲ.

ಆದರೆ ಈ ಹಾಡಿನಲ್ಲಿ ಸಾವಿನ ಸುಳಿವನ್ನು ಹೊರಗಿನಿಂದ ಯಾರೂ ತಂದಿಟ್ಟಿಲ್ಲ. ಹಗಲು ಬಾನಿನಲ್ಲಿ ತೇಲುವ ಹುಣ್ಣಿಮೆಯ ಚಂದ್ರ ಕವಿಯ ಕಣ್ಣಿಗೆ ಹೆಣವಾಗಿ ಕಾಣುತ್ತಾನೆ. ದುಃಖವನ್ನು ಒಳಗೇ ತಡೆದು ನಗೆಯ ಸೋಗು ಹಾಕಬೇಡವೆಂದು ಗಂಡ ಹೆಂಡತಿಯನ್ನು ಬೇಡಿಕೊಳ್ಳುತ್ತಾನೆ. ಯಾವ ಪ್ರಣಯದ ಮಾತು ಹೀಗಿರುತ್ತದೆ? ಕೂಸನ್ನು ಮಾತ್ರ ಕವಿತೆ ಮಲಗಿರುವ ಕೂಸೆಂದಷ್ಟೇ ಕರೆಯುತ್ತದೆ, ಅದು ಸತ್ತಿತೆಂದು ಎಲ್ಲಿಯೂ ಹೇಳುವುದಿಲ್ಲ. ಈ ಮೌನ ನಮಗೆ ಹೊಸದಲ್ಲ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಸೀಮೆಯಲ್ಲಿಯೂ ಮಗು ತೀರಿಕೊಂಡ ಎಷ್ಟೋ ಮನೆಗಳಲ್ಲಿ ಗಂಡಹೆಂಡಿರು ಅದರ ಹೆಸರೆತ್ತಲಾರರು. ಒಬ್ಬರ ಮುಖ ಒಬ್ಬರು ನೋಡಲಾರರು. ಕಥೆ ತಿಳಿದವನಿಗೆ ಆ ಮೌನ ಕೇಳಿಸುತ್ತದೆ.

ಎಲ್ಲ ಹಾಡಿಗೂ ಇಂಥ ನೆರವು ಬೇಕಿಲ್ಲ. ಬೇಂದ್ರೆಯವರದೇ ‘ಬೆಳಗು’ ಕವಿತೆ 1967ರ ‘ಬೆಳ್ಳಿಮೋಡ’ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಮನೆಮನೆಗೆ ತಲುಪಿತು. ಅದನ್ನು ಸವಿಯಲು ನಸುಕಿನಲ್ಲಿ ಎದ್ದು ಹೊಲಕ್ಕೆ ಹೋದ ಅನುಭವವಿದ್ದರೆ ಸಾಕು, ಕವಿಯ ಬದುಕಿನ ವಿವರ ಬೇಡ.

ಈಗ ಒಂದೊಂದು ಹಳೆಯ ಹಾಡಿಗೂ ಒಂದೊಂದು ಕಣ್ಣೀರಿನ ಕಥೆ ಮೊಬೈಲಿನಲ್ಲಿ ಓಡಾಡುತ್ತಿದೆ. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಮೊದಲು ಕಥೆ ನಿಜವಿರಬೇಕು. ಆಮೇಲೆ ಅದು ನಮ್ಮನ್ನು ಮತ್ತೆ ಹಾಡಿನ ಮಾತಿಗೇ ಕರೆದೊಯ್ಯಬೇಕು. ಅಲ್ಲಿ ನಾವು ಕಾಣದೆ ಬಿಟ್ಟದ್ದನ್ನು ತೋರಿಸಬೇಕು. ಮರುಕ ಹುಟ್ಟಿಸಿ ಅಲ್ಲಿಗೇ ನಿಲ್ಲುವ ಕಥೆ ಹಾಡನ್ನು ಮರೆಸುತ್ತದೆ. ಬೇಂದ್ರೆಯವರ ಹಾಡಿನ ಹಿನ್ನೆಲೆ ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ.

ಆದ್ದರಿಂದ ನಮ್ಮ ಸಾಲಿಗಳ ಗುರುಗಳಲ್ಲಿ ಒಂದು ವಿನಂತಿ. ಈ ಪದ್ಯವನ್ನು ಮಕ್ಕಳಿಗೆ ಮೊದಲು ಓದಿಸಿರಿ, ಅವರಿಗೆ ತೋಚಿದ ಅರ್ಥ ಕೇಳಿರಿ, ಆಮೇಲೆ ಕಥೆ ಹೇಳಿ ಮತ್ತೊಮ್ಮೆ ಓದಿಸಿರಿ. ಹಾಡುವವರಲ್ಲಿಯೂ ಅಷ್ಟೇ ಕೇಳಿಕೆ: ಚಪ್ಪಾಳೆಗಾಗಿ ಅದರ ಲಯ ಏರಿಸಬೇಡಿರಿ. ಒಬ್ಬ ತಂದೆಯ ಸಂಕಟಕ್ಕೆ ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ ಅದು.