ಮಣ್ಣು ಬೇಡವಂತೆ, ಮಾಲೀಕ ಮಾತ್ರ ಬೇಕಂತೆ!

ಮಣ್ಣಿಲ್ಲದೆ ಬೆಳೆ ತೆಗೆಯುವ ವಿದ್ಯೆಗೆ ಹೈಡ್ರೋಪೋನಿಕ್ಸ್ ಎಂದು ಹೆಸರು. ಈಗ ಉಳ್ಳವರ ಬಾಯಲ್ಲೆಲ್ಲ ಇದೇ ಮಾತು. ಬೇರು ನೀರಿನಲ್ಲಿ, ಗೊಬ್ಬರ ಆ ನೀರಿನಲ್ಲೇ ಕರಗಿ. ಹೊಲ ಬೇಡ, ಉಳುಮೆ ಬೇಡ. ಆದುದರಿಂದ ಉಳುವವನಿಗೆ ಭೂಮಿ ಎಂಬ ಕೂಗು ಇನ್ನು ಹಳೆಯದಾಯಿತೆಂದು ಕೆಲವರು ನಮಗೆ ಬುದ್ಧಿ ಹೇಳತೊಡಗಿದ್ದಾರೆ. ವಿದ್ಯೆಯ ಮೇಲೆ ನಮಗೆ ಹಗೆಯಿಲ್ಲ. ಅದರ ಬಾಲಕ್ಕೆ ಕಟ್ಟಿರುವ ಈ 'ಆದುದರಿಂದ'ದ ಮೇಲೆ ನಮ್ಮ ತಕರಾರು.

ಗಿಡ ಮಣ್ಣನ್ನು ತಿನ್ನುವುದಿಲ್ಲ. ಮಣ್ಣಿನ ತೇವದಲ್ಲಿ ಕರಗಿದ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಗಂಧಕ ಮುಂತಾದವನ್ನು ಬೇರಿನಿಂದ ಹೀರಿಕೊಳ್ಳುತ್ತದೆ. ಇದನ್ನು 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ನೋಪ್ ಎಂಬ ವಿಜ್ಞಾನಿಗಳು ಲವಣದ ನೀರಿನಲ್ಲೇ ಗಿಡ ಬೆಳೆಸಿ ತೋರಿಸಿಕೊಟ್ಟರು. ಬೇರಿಗೆ ಗಾಳಿಯೂ ಬೇಕು, ಇಲ್ಲವಾದರೆ ಕೊಳೆಯುತ್ತದೆ. ಗುಟ್ಟೆಂಬುದು ಇಷ್ಟೇ. ನೂರೈವತ್ತು ವರ್ಷಗಳಿಗೂ ಹಿಂದೆ ಬಯಲಾದದ್ದನ್ನು ಇಂದು ಬಾಟಲಿಯಲ್ಲಿ ತುಂಬಿ ಚೀಟಿ ಅಂಟಿಸಿ ಮಾರುತ್ತಾರೆ. ಚೀಟಿಯ ಬೆಲೆ ಎಷ್ಟೆಂಬುದು ನಮ್ಮ ಅಂಗಡಿಯ ಗೆಳೆಯರಿಗೆ ಗೊತ್ತೇ ಇದೆ.

ಗುಟ್ಟು ಮಾಡುವ ಚಾಳಿ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕ್ ಎಂಬವರು 1929ರಿಂದ ಈ ಬೇಸಾಯವನ್ನು ಸಾರಿದರು. ಇಪ್ಪತ್ತೈದು ಅಡಿಯ ಟೊಮೇಟೊ ಬಳ್ಳಿ ತೋರಿಸಿ ಜನರನ್ನು ಬೆರಗುಗೊಳಿಸಿದರು. ಆದರೆ ಲವಣಗಳ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಸ್ವಂತ ಸಮಯದಲ್ಲಿ ಮಾಡಿದ್ದು ಎಂದರು. ಆಗ ಅದೇ ವಿಶ್ವವಿದ್ಯಾಲಯದ ಹೋಗ್ಲೆಂಡ್, ಆರ್ನನ್ ಇಬ್ಬರೂ ಪರೀಕ್ಷೆ ನಡೆಸಿ 1938ರಲ್ಲಿ ಒಂದು ಸಣ್ಣ ಪುಸ್ತಿಕೆ ಹೊರಡಿಸಿದರು. ಯಾವ ಲವಣ, ಎಷ್ಟು ನೀರಿಗೆ ಎಷ್ಟು, ಎಲ್ಲವೂ ಅದರಲ್ಲಿತ್ತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಒಳ್ಳೆಯ ಮಣ್ಣಿನಲ್ಲಿ ಬರುವುದಕ್ಕಿಂತ ಇದರಲ್ಲಿ ಹೆಚ್ಚಿನ ಇಳುವರಿಯೇನೂ ಇಲ್ಲ. ವ್ಯಾಪಾರದ ಜಾಹೀರಾತಿನಲ್ಲಿ ಈ ಮಾತನ್ನು ಹುಡುಕಬೇಡಿ, ಸಿಗದು.

ಬಡವರ ಕೈಗೆ ಸಿಗುವಂತೆ ಇದನ್ನು ಮಾಡಲಾಗದೆ? ಆಗುತ್ತದೆ. 1946ರ ಹೊತ್ತಿಗೆ ನಮ್ಮ ದೇಶದ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಸ್ ಎಂಬವರು ಇದೇ ಗುರಿಯಿಂದ ಕೆಲಸಕ್ಕೆ ತೊಡಗಿದರು. ತೊಟ್ಟಿಯಲ್ಲಿ ಕಲ್ಲುಚೂರು, ಮರಳು. ಅದರ ಮೇಲೆ ಒಣ ಲವಣವನ್ನು ಕೈಯಿಂದ ಉದುರಿಸಿ ನೀರು ಹನಿಸುವುದು. ಯಂತ್ರವಿಲ್ಲ, ಪಂಪಿಲ್ಲ. ಬಂಗಾಳ ಪದ್ಧತಿ ಎಂಬ ಹೆಸರಿನಲ್ಲಿ 1951ರಲ್ಲಿ ಪುಸ್ತಕವೂ ಬಂತು. ಇಂದಿನ ಹಣವಂತರ ಭಾಷಣಗಳಲ್ಲಿ ಕಾಲಿಂಪಾಂಗ್‌ನ ಹೆಸರು ಬರುವುದಿಲ್ಲ. ಪಂಪಿಲ್ಲದ ಕಡೆ ಲಾಭಕ್ಕೇನು ಕೆಲಸ?

ಅವರಿಗೆ ಬೇಕಾದದ್ದು ಗಾಜಿನ ಮನೆ, ವಿದ್ಯುದ್ದೀಪ, ಷೇರುಪೇಟೆ. ಅಮೆರಿಕದ ಕೆಂಟಕಿಯಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿ ಜನ ಕೆಲಸವಿಲ್ಲದೆ ಕುಳಿತಿದ್ದ ಸೀಮೆಯಲ್ಲಿ ಆಪ್‌ಹಾರ್ವೆಸ್ಟ್ ಎಂಬ ಕಂಪನಿ ಅರುವತ್ತು ಎಕರೆಯ ಗಾಜಿನ ಮನೆ ಕಟ್ಟಿ ಟೊಮೇಟೊ ಬೆಳೆಯತೊಡಗಿತು. ನಿಮಗೆ ಉದ್ಯೋಗ ತಂದಿದ್ದೇವೆ ಎಂದು ಸಾರಿತು. 2021ರಲ್ಲಿ ಷೇರುಪೇಟೆಗೆ ಇಳಿಯಿತು. 2023ರ ಜುಲೈನಲ್ಲಿ ದಿವಾಳಿ! ಅದರ ಹಿಂದಿನ ತಿಂಗಳೇ ನ್ಯೂಜೆರ್ಸಿಯ ಏರೋಫಾರ್ಮ್ಸ್ ದಿವಾಳಿ ಅರ್ಜಿ ಹಾಕಿತ್ತು. 2024ರಲ್ಲಿ ಬೋವರಿ ಬಾಗಿಲು ಮುಚ್ಚಿತು. ಈ ಎರಡು ಕಂಪನಿಗಳು ಮುಚ್ಚಿದ ಕಟ್ಟಡದೊಳಗೆ ದೀಪದ ಬೆಳಕಿನಲ್ಲಿ ಮುಖ್ಯವಾಗಿ ಬೆಳೆಯುತ್ತಿದ್ದದ್ದು ಸೊಪ್ಪು. ಸೂರ್ಯ ಪುಕ್ಕಟೆ ಕೊಡುವ ಬೆಳಕನ್ನು ದುಡ್ಡು ಕೊಟ್ಟು ಕೊಂಡು ಜೋಳ, ರಾಗಿ, ಅಕ್ಕಿ ಬೆಳೆದರೆ ಗಿಟ್ಟುವುದಿಲ್ಲ. ಗಿರಣಿಯ ಆಳಿನ ಊಟದ ಡಬ್ಬಿಗೆ ಬರುವುದು ಸೊಪ್ಪಿನ ಎಲೆಯೋ, ರೊಟ್ಟಿಯೋ?

ಒಂದೇ ನೀರನ್ನು ತಿರುತಿರುಗಿ ಬಳಸುವುದರಿಂದ ನೀರು ಬಹಳ ಉಳಿಯುತ್ತದೆಂಬುದು ನಿಜ. ಒಪ್ಪುತ್ತೇವೆ. ಆದರೆ ಮಣ್ಣಿಗೊಂದು ತಾಳ್ಮೆಯಿದೆ. ಮಳೆ ನಾಲ್ಕು ದಿನ ತಡವಾದರೂ ತೇವ ಹಿಡಿದು ಗಿಡವನ್ನು ಉಳಿಸುತ್ತದೆ. ತೆಳುವಾಗಿ ನೀರು ಹರಿಸುವ ಕೊಳವೆಯಲ್ಲಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಬೆಳೆ ಬಾಡುತ್ತದೆ. ಅಲ್ಲಿ ಸ್ವಿಚ್ಚು ಯಾರ ಕೈಯಲ್ಲಿದೆಯೋ ಅವನೇ ಜಮೀನುದಾರ. ಮಗ್ಗ ಯಾರದೆಂದು ದಿನವೂ ನೋಡುತ್ತಿರುವ ಗಿರಣಿಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಣ್ಣಿನ ಕಾಲ ಮುಗಿಯಿತೆಂದು ಈ ಮಹನೀಯರಿಗೆ ನಿಜವಾಗಿ ನಂಬಿಕೆಯಿದ್ದರೆ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಲಿ. 1961ರ ಭೂಸುಧಾರಣಾ ಕಾನೂನಿನ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿ, ಬೇಸಾಯಗಾರರಲ್ಲದ ಹಣವಂತರು ಸಾಗುವಳಿ ಜಮೀನು ಕೊಳ್ಳಲು ದಾರಿ ಬಿಟ್ಟದ್ದು ಯಾರಿಗಾಗಿ? ಬೇಡವಾದ ಮಣ್ಣಿಗೆ ಇಷ್ಟು ಆಸೆಯೇಕೆ?

ಇಂಥ ಕಂಪನಿಗೆ ಸರಕಾರದ ಬೊಕ್ಕಸದಿಂದ ಒಂದು ಕಾಸು ಹೋಗುವ ಮೊದಲು ಒಂದು ಕಿಲೋ ಸೊಪ್ಪಿಗೆ ಎಷ್ಟು ಯೂನಿಟ್ ವಿದ್ಯುತ್, ಕೆಲಸಗಾರನಿಗೆ ದಿನಕ್ಕೆಷ್ಟು ಕೂಲಿ, ದಿವಾಳಿಯಾದರೆ ಬಾಕಿ ಕೂಲಿಗೆ ಯಾರು ಹೊಣೆ, ಇದನ್ನು ಬರವಣಿಗೆಯಲ್ಲಿ ಪಡೆದು ಜನರ ಮುಂದಿಡಬೇಕು. ಲವಣಗಳ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪ್ರೌಢಶಾಲೆಗೂ ಕಳಿಸಬೇಕು. ಕಲ್ಲುಚೂರು ಮರಳಿನ ತೊಟ್ಟಿಯೊಂದನ್ನು ಪುರಸಭೆಯ ಖಾಲಿ ಜಾಗದಲ್ಲಿ ಮಾಡಿ ನೋಡಲು ಲಕ್ಷಗಟ್ಟಲೆ ಬೇಕಾಗಿಲ್ಲ. ಮುಂದಿನ ಪುರಸಭಾ ಸಭೆಯಲ್ಲಿ ಇದನ್ನು ಕೇಳಿ.