ನಾಟಕದ ಪೇಟಿ ಮತ್ತು ಧ್ವನಿವರ್ಧಕ

ಹಿರೇಕೆರೂರ ಸೀಮೆಯ ಅಬಲೂರಿನ ಗೃಹಸ್ಥರೊಬ್ಬರು ಈ ತಿಂಗಳು ನಮ್ಮನ್ನೊಂದು ಪ್ರಶ್ನೆ ಕೇಳಿದ್ದಾರೆ. ಜಾತ್ರೆಯ ನಾಟಕದಲ್ಲಿ ಪೇಟಿ ನುಡಿಸುವ ಭಾರವು ಈ ಸಲ ಅವರ ಚಿರಂಜೀವಿಯ ಮೇಲೆ ಬಿದ್ದಿದೆ. ಗೋವಿನಜೋಳ ಮಾರಿದ ಹಣದಲ್ಲಿ ತುಸು ಭಾಗವನ್ನು ಅದಕ್ಕಾಗಿ ತೆಗೆದಿರಿಸಿದ್ದಾರೆ. ಮಗನು ಕೀಬೋರ್ಡನ್ನೂ ದೊಡ್ಡದೊಂದು ಧ್ವನಿವರ್ಧಕವನ್ನೂ ಬೇಡುತ್ತಾನೆ. ತಾಯಿಯು, ಒಳ್ಳೆಯ ಪೇಟಿಯೊಂದಿದ್ದರೆ ಸಾಕೆನ್ನುತ್ತಾಳೆ. ಯಾರ ಮಾತನ್ನು ನಡೆಸಬೇಕೆಂಬದು ಅವರ ತೊಡಕು. ಇಂಥ ತೊಡಕು ಅನೇಕ ಊರುಗಳಲ್ಲಿ ಇರುವದರಿಂದ ಉತ್ತರವನ್ನು ಎಲ್ಲ ವಾಚಕರ ಮುಂದಿಡುತ್ತೇವೆ.

ಮೊದಲು ಪೇಟಿಯ ಪೂರ್ವಕಥೆಯನ್ನು ಸ್ವಲ್ಪ ನೋಡೋಣ. ಈ ವಾದ್ಯವು ನಮ್ಮ ದೇಶದ್ದಲ್ಲ. 1842ರಲ್ಲಿ ಪ್ಯಾರಿಸಿನ ಅಲೆಗ್ಸಾಂಡ್ರ್ ದೆಬೇನ್ ಎಂಬವನು ಹಾರ್ಮೋನಿಯಮ್ಮಿನ ಹಕ್ಕುಪತ್ರವನ್ನು ಪಡೆದನು. ಕಾಲಿನಿಂದ ತಿದಿಯೊತ್ತುವ ಆ ಪೆಟ್ಟಿಗೆಯನ್ನು ಕೈಯಿಂದ ಒತ್ತುವ ಚಿಕ್ಕ ಪೇಟಿಯನ್ನಾಗಿ ಮಾರ್ಪಡಿಸಿ ಮನೆಮನೆಗೆ ತಂದವರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಮುಖ್ಯರು. ನಮ್ಮ ಸಂಗೀತದ ಗಮಕವು ಇದರಲ್ಲಿ ಹೊರಡುವದಿಲ್ಲವೆಂದೂ, ಇದರ ಸ್ವರಗಳು ನಮ್ಮ ಶ್ರುತಿಗೆ ಕೂಡುವದಿಲ್ಲವೆಂದೂ ಪಂಡಿತರು ಆಕ್ಷೇಪಿಸಿದರು; 1940ರಲ್ಲಿ ಆಕಾಶವಾಣಿಯೂ ಅದಕ್ಕೆ ಬಾಗಿಲು ಮುಚ್ಚಿತು. ಆ ನಿರ್ಬಂಧವು ಸಡಿಲಾಗಲು ಮೂರು ದಶಕಗಳು ಹಿಡಿದವು. ಆದರೆ ನಾಟಕದವರು ಮಾತ್ರ ಅದನ್ನು ಬಿಡಲಿಲ್ಲ. ಯಾಕೆಂದರೆ ಬಯಲಿನಲ್ಲಿ, ಜನಸಂದಣಿಯ ಗದ್ದಲದಲ್ಲಿ, ಕದಲದ ಸ್ವರವೊಂದು ನಟನ ಬೆನ್ನಿಗೆ ನಿಲ್ಲಬೇಕಾಗುತ್ತದೆ. ಬೈಠಕಿನಲ್ಲಿ ದೋಷವಾದದ್ದು ರಂಗದ ಮುಂದೆ ಗುಣವಾಯಿತು.

ನಮ್ಮ ಸೀಮೆಗೆ ಇದರ ನೆನಪು ದೂರದ್ದಲ್ಲ. ಅಬಲೂರಿಗೆ ನೆರೆಯಾದ ಹಾನಗಲ್ಲ ತಾಲೂಕಿನಲ್ಲಿಯೇ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಹುಟ್ಟಿದರು. ಕಣ್ಣಿಲ್ಲದ ಪುಟ್ಟರಾಜರು ತಾವೇ ನಾಟಕ ಬರೆದು, ಕಂಪನಿ ನಡೆಸಿ, ಅದರ ಉತ್ಪನ್ನದಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಅನ್ನಕ್ಕೆ ದಾರಿ ಮಾಡಿದರು. ನಾಟಕದ ಪೇಟಿಯು ಬರಿಯ ವಿನೋದದ ವಸ್ತುವಲ್ಲವೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇನ್ನು ಆಯ್ಕೆಯ ಮಾತು. ನಾಟಕದ ಪೇಟಿಯನ್ನು ನುಡಿಸುವವನ ಕೈಗಾಗಿ ಕೊಳ್ಳಬಾರದು. ಹಾಡುವವರ ಕಂಠಕ್ಕಾಗಿ ಕೊಳ್ಳಬೇಕು. ಗಂಡಸರ ಧ್ವನಿಯು ಸಾಮಾನ್ಯವಾಗಿ ಕಪ್ಪು ಒಂದು, ಎರಡರಲ್ಲಿ ನಿಂತರೆ, ಹೆಂಗಸರದು ಕಪ್ಪು ನಾಲ್ಕು, ಐದಕ್ಕೆ ಹೋಗುತ್ತದೆ. ಊರ ನಾಟಕಕ್ಕೆ ಬರುವ ಕಲಾವಿದೆಯು ಇಂದು ನಿಮ್ಮಲ್ಲಿ ಹಾಡಿ, ನಾಳೆ ಬೇರೆ ಊರಿನಲ್ಲಿ ಹಾಡಬೇಕು. ಅವಳ ಮನೆಯು ನಡೆಯುವದೇ ಆ ಕಂಠದ ಮೇಲೆ. ಪೇಟಿಯವನಿಗೆ ಒಂದೇ ಶ್ರುತಿ ಬರುತ್ತದೆಂದು ಅವಳು ತನ್ನದಲ್ಲದ ಎತ್ತರದಲ್ಲಿ ರಾತ್ರಿಯೆಲ್ಲ ಕೂಗಿಕೊಂಡರೆ, ಆ ನಷ್ಟವನ್ನು ತುಂಬಿಕೊಡುವವರು ಯಾರು?

ಕೀಬೋರ್ಡಿನಲ್ಲಿ ಗುಂಡಿಯೊಂದನ್ನು ಒತ್ತಿದರೆ ಶ್ರುತಿಯು ಬದಲಾಗುವದು ನಿಜ. ಗುಡುಗು, ಮಳೆ, ಕೊಳಲು ಎಲ್ಲವೂ ಅದರಲ್ಲಿವೆ. ಆದರೆ ಗುಂಡಿಯನ್ನೇ ನಂಬಿದ ಹುಡುಗನು ಒಂದೇ ಶ್ರುತಿಯ ಬೆರಳುಗಳನ್ನು ಕಲಿಯುತ್ತಾನೆ. ವಿದ್ಯುತ್ತು ಹೋದ ಗಳಿಗೆಯಲ್ಲಿ ಕೈಕಟ್ಟಿ ಕೂಡುತ್ತಾನೆ. ಸ್ಕೇಲ್ ಚೇಂಜರ್ ಪೇಟಿಯೂ ಅನುಕೂಲವೇ, ಆದರೆ ಭಾರ ಹೆಚ್ಚು, ಬೆಲೆ ಹೆಚ್ಚು, ಗಾಡಿಯ ಕುಲುಕಾಟಕ್ಕೂ ಧೂಳಿಗೂ ಅದರ ಜೋಡಣೆಯು ಸಡಿಲಾಗುತ್ತದೆ. ಆದದ್ದರಿಂದ ಮೊದಲಿಗೆ ಎರಡು ಸಾಲು ರೀಡುಗಳುಳ್ಳ, ಮೂರೂವರೆ ಸಪ್ತಕದ, ಅಂದರೆ 42 ಮನೆಗಳ ಸಾದಾ ಪೇಟಿಯೇ ಲೇಸು. ಅದರ ಮೇಲೆ ಹುಡುಗನು ಹನ್ನೆರಡು ಶ್ರುತಿಗಳಲ್ಲಿಯೂ ಕೈ ತಿದ್ದಿಕೊಳ್ಳಲಿ.

ಅಂಗಡಿಯಲ್ಲಿ ಪೇಟಿಯನ್ನು ಪರೀಕ್ಷಿಸುವ ಕ್ರಮವು ಸುಲಭವಾಗಿದೆ. ಎಲ್ಲ ಸ್ಟಾಪುಗಳನ್ನೂ ಮುಚ್ಚಿ ತಿದಿಯನ್ನು ತುಂಬಿರಿ. ಗಾಳಿಯು ಬೇಗನೆ ಇಳಿದುಹೋದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯಿರಿ. ಬಳಿಕ ಮನೆಗಳನ್ನು ಒಂದೊಂದಾಗಿ ಮೆಲ್ಲನೆ ಒತ್ತಿರಿ. ಕೆಳಗಿನ ಸ್ವರಗಳು ತಡಮಾಡಿ ಮಾತಾಡುವವೋ, ಒತ್ತಿದ ಮನೆಯು ಮೇಲೇಳದೆ ನಿಲ್ಲುವದೋ ನೋಡಿರಿ. ಮೆರುಗಿನ ಕಟ್ಟಿಗೆಗೂ ಹಿತ್ತಾಳೆಯ ಕುಸುರಿಗೂ ಹಣವನ್ನು ಹೆಚ್ಚು ಸುರಿಯಬೇಡಿರಿ. ಕತ್ತಲಲ್ಲಿ ಅವು ಯಾರಿಗೂ ಕಾಣುವದಿಲ್ಲ.

ಧ್ವನಿವರ್ಧಕವನ್ನು ಮಾತ್ರ ಕೊಳ್ಳದೆ ಬಾಡಿಗೆಗೆ ತರಿಸಿರಿ. ವರ್ಷಕ್ಕೆ ಎರಡು ಮೂರು ರಾತ್ರಿ ದುಡಿಯುವ ವಸ್ತುವು ಉಳಿದ ದಿನ ಮೂಲೆಯಲ್ಲಿ ಕೂತು ಹಾಳಾಗುತ್ತದೆ. ವ್ಯಾಟುಗಳ ಲೆಕ್ಕಕ್ಕೂ ಮರುಳಾಗಬೇಡಿರಿ. ವ್ಯಾಟು ಇಮ್ಮಡಿಯಾದರೆ ಸದ್ದು ಕಿವಿಗೆ ತುಸುವೇ ಹೆಚ್ಚುತ್ತದೆ; ಇಮ್ಮಡಿ ಸದ್ದೆನಿಸಬೇಕಾದರೆ ಸುಮಾರು ಹತ್ತುಪಟ್ಟು ವ್ಯಾಟು ಬೇಕು. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆ ಸದ್ದಿನ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ದೊಡ್ಡ ಪೆಟ್ಟಿಗೆಯನ್ನು ಅಬ್ಬರಿಸುವದಕ್ಕಿಂತ, ಎರಡನ್ನು ರಂಗದ ಎರಡೂ ಬದಿಗೆ, ಕೂತವರ ತಲೆಗಿಂತ ಎತ್ತರದಲ್ಲಿ, ಮೈಕಿಗಿಂತ ಮುಂದಕ್ಕೆ ನಿಲ್ಲಿಸುವದು ಮೇಲು. ಅದರ ಬಾಯಿ ಮೈಕಿನ ಕಡೆಗೆ ತಿರುಗಿದರೆ ಕಿರಿಚಾಟ ತಪ್ಪದು. ಪೇಟಿಯ ಮೈಕು ನಟರ ಮೈಕಿಗಿಂತ ಯಾವಾಗಲೂ ತಗ್ಗಿನಲ್ಲಿರಲಿ. 2000ರ ಶಬ್ದಮಾಲಿನ್ಯದ ನಿಯಮಗಳ ಮೇರೆಗೆ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವದರಿಂದ, ಕಮಿಟಿಯವರು ಪರವಾನಿಗೆಯ ಮಾತನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳತಕ್ಕದ್ದು.

ಕೊನೆಗೆ ಒಂದು ಪರೀಕ್ಷೆಯಿದೆ. ಅದಕ್ಕೆ ಕಾಸು ಬೇಡ. ರಂಗದ ಮೇಲೆ ತಾಲೀಮು ನಡೆಯುವ ದಿನ ಹುಡುಗನ ತಾಯಿಯನ್ನು ಎಲ್ಲರಿಗಿಂತ ಹಿಂದೆ ಕೂಡ್ರಿಸಿರಿ. ಹಾಡು ಮುಗಿದ ಮೇಲೆ ಕಡೆಯ ನುಡಿಯನ್ನು ಅವರು ತಿರುಗಿ ಹೇಳಬಲ್ಲರಾದರೆ ಪೇಟಿಯೂ ಧ್ವನಿವರ್ಧಕವೂ ಸರಿಯಾಗಿವೆ. ಹೇಳಲಾರದಿದ್ದರೆ ಪೇಟಿಯ ಸದ್ದನ್ನು ಇಳಿಸಿರಿ. ಸರ್ವಜ್ಞನ ಹೆಸರನ್ನು ತನ್ನದೆಂದು ಹೇಳಿಕೊಳ್ಳುವ ಊರು ಅಬಲೂರು. ಮೂರು ಸಾಲಿನ ಮಾತನ್ನು ನಾಡೆಲ್ಲ ನೆನಪಿಟ್ಟುಕೊಳ್ಳುವಂತೆ ನುಡಿದವನ ಊರಿನಲ್ಲಿ ಮಾತು ಸದ್ದಿನಲ್ಲಿ ಮುಳುಗಬಾರದು.

ಆದುದರಿಂದ ಈ ಸಲ ತಾಯಿಯ ಮಾತೇ ನಡೆಯಲಿ. ಕೀಬೋರ್ಡಿನ ಆಶೆಯು ಮಗನಲ್ಲಿ ಉಳಿದಿದ್ದರೆ, ಹನ್ನೆರಡು ಶ್ರುತಿಗಳೂ ಬೆರಳಿಗೆ ಬಂದ ವರ್ಷ ಅದನ್ನು ಸಂತೋಷದಿಂದ ಕೊಡಿಸಿರಿ.